ಭೋಗ್ಯದ ಮನೆಗೆ ಮೂರು ಲಕ್ಷ

ಜನವರಿ 6, ಸೋಮವಾರ

ಹಳ್ಳಿಮೈಸೂರಿನಿಂದ ಹೊಳೆನರಸೀಪುರದವರೆಗೆ ನಿಂತೇ ಬಂದೆ. ಅಲ್ಲಿ ಬಸ್ಸು ಬದಲಿಸಿ ಹಾಸನದ್ದು ಹತ್ತಿದ ಮೇಲೆ ಸೀಟು. ಕಿಟಕಿ ಪಕ್ಕ ಬೇರೆ. ಅದಕ್ಕೇ ಬರೆಯುತ್ತಿದ್ದೇನೆ. ಡೈರಿ ನಮ್ಮ ನರ್ಸಿಂಗ್ ಹೋಮಿಗೆ ಬರುವ ಮೆಡಿಕಲ್ ರೆಪ್ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಗ್ಯಾಸ್ಟ್ರಿಕ್ ಮಾತ್ರೆಯ ಜಾಹೀರಾತು. ಇರಲಿ, ನನಗೆ ಬೇಕಾದದ್ದೇ.

ಮೂರನೇ ತಾರೀಕು ಸಂಬಳ ಬಂತು, ಹದಿನೇಳು ಸಾವಿರದ ಎಂಟುನೂರು. ಇವತ್ತು ಆರು. ಖಾತೆಯಲ್ಲಿ ಉಳಿದಿರುವುದು ಹನ್ನೊಂದು ನೂರು. ಹತ್ತು ಸಾವಿರ ಅತ್ತೆಯ ಕೈಗೆ — ಅದು ಪ್ರತಿ ತಿಂಗಳ ನೇಮ. ಮಗಳು ಮಾನಸಾಳ ಸ್ಕೂಲ್ ವ್ಯಾನು, ಎಲ್ಐಸಿ. ಆಮೇಲೆ? ಬಿಲ್ಲಿಂಗ್ ಕೌಂಟರಿನಲ್ಲಿ ಕೂತು ಕಂಡವರ ಬಿಲ್ಲನ್ನೆಲ್ಲ ಪೈಸೆ ಬಿಡದೆ ಟೈಪ್ ಮಾಡುವವಳು ನಾನು. ನನ್ನ ದುಡ್ಡು ಎಲ್ಲಿ ಹೋಯಿತೆಂದು ನನಗೇ ಗೊತ್ತಿಲ್ಲ. ನಾಚಿಕೆಯಾಗಬೇಕು.

ಪಕ್ಕದಲ್ಲಿ ರಂಜಿನಿ. ನಮ್ಮ ನರ್ಸಿಂಗ್ ಹೋಮಿನ ಫಾರ್ಮಸಿಯವಳು, ಹೊಳೆನರಸೀಪುರದಿಂದ ದಿನಾ ಇದೇ ಬಸ್ಸು. "ಬಜೆಟ್ ಹಾಕಿ ಆಶಕ್ಕ," ಎಂದಳು.

"ಅದು ವಿಧಾನಸೌಧದೋರು ಹಾಕೋದು ಕಣೆ."

"ಅವ್ರು ಹಾಕ್ಕಳ್ಳಿ ಬುಡಿ. ನೀವು ಒಂದ್ ತಿಂಗ್ಳು ಬರ್ದಿಡಿ. ಒಂದ್ ರೂಪಾಯಿನೂ ಬುಡ್ಬ್ಯಾಡಿ. ಆಮ್ಯಾಕೆ ಮಾತಾಡವಾ."

ಜನವರಿ 8

ಬರೆದೆ. ಹೂವು ಇಪ್ಪತ್ತು. ಯಾರದೋ ಹುಟ್ಟುಹಬ್ಬದ ಕೇಕಿಗೆ ನೂರು — ಯಾರದೆಂದು ತಿನ್ನುವಾಗಲೂ ಗೊತ್ತಿರಲಿಲ್ಲ. ಮೈದುನ ಅಭಿಷೇಕನ ಫೋನ್ ರೀಚಾರ್ಜ್ ಇನ್ನೂರ ತೊಂಬತ್ತೊಂಬತ್ತು, "ಅತ್ತಿಗೆ, ಸಾಯಂಕಾಲ ಕೊಟ್ಬುಡ್ತೀನಿ." ಅವನ ಸಾಯಂಕಾಲ ಇನ್ನೂ ಆಗಿಲ್ಲ. ಪೆಟ್ರೋಲಿಗೆಂದು ನನ್ನ ಗಂಡ ಸುದರ್ಶನ್ ತೆಗೆದುಕೊಂಡದ್ದು ಐನೂರು. ಬಸ್ಸಿಗೆ ಸೊನ್ನೆ.

ಆ ಸೊನ್ನೆಯನ್ನು ನೋಡಿ ನಗು ಬಂತು. ಹೆಂಗಸರಿಗೆ ಬಸ್ಸು ಫ್ರೀ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಮಗಳು ಏಳುವ ಮುಂಚೆ ಮನೆ ಬಿಡುತ್ತೇನೆ. ಬರುವಾಗ ಅವಳು ಉಂಡು ಅಜ್ಜಿಯ ಮಗ್ಗುಲಲ್ಲಿ ತೂಕಡಿಸುತ್ತಿರುತ್ತಾಳೆ. ಒಂಬತ್ತು ವರ್ಷದ ಹುಡುಗಿಯನ್ನು ನಾನು ಬೆಳಕಿನಲ್ಲಿ ನೋಡುವುದು ಭಾನುವಾರ ಮಾತ್ರ. ಇದನ್ನು ಯಾವ ಲೆಕ್ಕಕ್ಕೆ ಬರೆಯುವುದು?

ಜನವರಿ 13

ರಂಜಿನಿಯ ಪಾಠ. ಸಂಬಳದಲ್ಲಿ ಐವತ್ತು ಭಾಗ ಬೇಕೇ ಬೇಕಾದ್ದಕ್ಕೆ, ಮೂವತ್ತು ಆಸೆಪಟ್ಟದ್ದಕ್ಕೆ, ಇಪ್ಪತ್ತು ಉಳಿತಾಯಕ್ಕೆ. ಆಸೆಗೆ ಮೂವತ್ತಂತೆ! ಆಸೆಪಡಲು ಪುರಸೊತ್ತು ಯಾರಿಗಿದೆ?

"ನಿಮ್ಗೇನು ಆಸೆ ಆಶಕ್ಕ? ಒಂದು ಏಳಿ. ಗುರಿ ಇಲ್ದೆ ಉಳಿಸಕ್ಕಾಗಲ್ಲ."

ಯೋಚನೆ ಮಾಡುವ ಮುಂಚೆಯೇ ಬಾಯಿಗೆ ಬಂತು. ಹಾಸನದಲ್ಲಿ ಒಂದು ಮನೆ. ಎರಡು ರೂಮು ಸಾಕು. ನಾನು, ಸುದರ್ಶನ್, ಮಾನಸಾ. ಅವರೂ ಹಾಸನದ ಟ್ರ್ಯಾಕ್ಟರ್ ಶೋರೂಮಿಗೆ ದಿನಾ ಬೈಕಿನಲ್ಲಿ ಬಂದು ಹೋಗುವವರು. ಹೇಳಿದ ಮೇಲೆ ಗೊತ್ತಾಯಿತು, ಇದನ್ನು ನಾನು ವರ್ಷಗಳಿಂದ ಬಯಸುತ್ತಿದ್ದೆ. ಅಳು ಬಂದುಬಿಟ್ಟಿತು, ಬಸ್ಸಿನಲ್ಲಿ, ಗೊರೂರು ರಸ್ತೆಯ ಕ್ರಾಸಿನ ಹತ್ತಿರ. ಕಂಡಕ್ಟರು ಟಿಕೆಟ್ ಸುಮ್ಮನೆ ಕೊಟ್ಟು ಮುಂದೆ ಹೋದ.

ಜನವರಿ 19, ಭಾನುವಾರ

ಮನೆ ನೋಡಿಕೊಂಡು ಬಂದೆವು. ಓನರ್ ಪರಮಶಿವಯ್ಯ, ರಿಟೈರ್ಡ್ ಮೇಷ್ಟ್ರು, ಕೆಳಗೆ ತಾವಿದ್ದಾರೆ. ಮೇಲೆ ಎರಡು ರೂಮು, ಅಡುಗೆಮನೆ, ಬಟ್ಟೆ ಒಣಗಿಸಲು ಜಾಗ. ನರ್ಸಿಂಗ್ ಹೋಮಿಗೆ ಹತ್ತು ನಿಮಿಷದ ನಡಿಗೆ. ಬಾಡಿಗೆಗೆ ಕೊಡುವುದಿಲ್ಲ, ಭೋಗ್ಯಕ್ಕೆ ಮಾತ್ರ: ಮೂರು ಲಕ್ಷ ಒಟ್ಟಿಗೆ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಅಷ್ಟೂ ವಾಪಸ್. ಈಗಿರುವವರು ಮೇ ತಿಂಗಳಲ್ಲಿ ಖಾಲಿ ಮಾಡುತ್ತಾರೆ.

"ನೋಡಿ ತಾಯಿ, ಅವರ ದುಡ್ಡು ಮನೆ ಕಟ್ಟೋದಕ್ಕೆ ಹಾಕಿಬಿಟ್ಟಿದ್ದೀನಿ. ನೀವು ಕೊಟ್ಟರೆ ನಾನು ಅವರಿಗೆ ಕೊಡಬೇಕು. ಮೇ ಹತ್ತನೇ ತಾರೀಕಿನೊಳಗೆ ಪೂರ್ತಿ ಬರಬೇಕು. ಅಲ್ಲಿವರೆಗೆ ಬೇರೆ ಯಾರಿಗೂ ಮಾತು ಕೊಡಲ್ಲ," ಎಂದರು. ನೇರ ಮನುಷ್ಯ. ಇಷ್ಟವಾದರು.

ಮಾನಸಾ ಖಾಲಿ ಗೋಡೆ ನೋಡಿ, "ಅಮ್ಮ, ಇಲ್ಲಿ ನನ್ ಟೈಂಟೇಬಲ್ ಅಂಟಿಸ್ತೀನಿ," ಎಂದಳು. ಈಗ ಅಲ್ಲಿರುವ ಹೆಂಗಸು ನಕ್ಕರು.

ಕೊಣನೂರಿನ ಅಪ್ಪ ನನ್ನ ಹೆಸರಿನಲ್ಲಿ ಇಟ್ಟ ಎಫ್.ಡಿ. ಒಂದೂವರೆ ಲಕ್ಷ. ಸುದರ್ಶನ್ ನಾಲ್ಕು ವರ್ಷದಿಂದ ಇನ್ಸೆಂಟಿವ್ ದುಡ್ಡು ಮುಟ್ಟದೆ ಇಟ್ಟದ್ದು ತೊಂಬತ್ತು ಸಾವಿರ. ಕಡಿಮೆ ಬೀಳುವುದು ಅರವತ್ತು. ಅವರು ತಿಂಗಳಿಗೆ ಹದಿನೈದು ಸಾವಿರ ಅತ್ತೆಗೆ ಕೊಡುತ್ತಾರೆ. ಅದೊಂದನ್ನು ನಾಲ್ಕು ತಿಂಗಳು ನಿಲ್ಲಿಸಿದರೆ ಆಯಿತು. ಲೆಕ್ಕ ಇಷ್ಟು ಸಲೀಸು.

"ಅವ್ವನ್ನ ಯಾರು ಕೇಳೋರು?" ಎಂದರು ಇವರು.

"ನೀವು."

"ನೋಡವಾ."

ಇವರ ಬಾಯಲ್ಲಿ ನೋಡೋಣ ಎಂದರೆ ನೀನೇ ಕೇಳು ಎಂದರ್ಥ. ಹತ್ತು ವರ್ಷ ಸಂಸಾರ ಮಾಡಿದ್ದೇನೆ.

ಜನವರಿ 26

ನಾನೇ ಕೇಳಿದೆ. ಅತ್ತೆ ಹುರುಳಿಕಾಳು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಬಸ್ಸು ಪುಕ್ಸಟ್ಟೆ ಆಯ್ತಲ್ಲವ್ವ. ಕುಂತ್ಕಂಡು ಓಯ್ತೀಯ, ಕುಂತ್ಕಂಡು ಬತ್ತೀಯ. ಇನ್ನೇನು ಕಷ್ಟ ನಿಂಗೆ?"

ನಿಂತುಕೊಂಡೂ ಹೋಗುತ್ತೇನೆ ಎನ್ನಲಿಲ್ಲ. ಮಾನಸಾಳ ಓದು ಎಂದೆ. ಅವಳ ಜೊತೆ ಇರಬೇಕು ಎಂದೆ.

"ಮಗೀನ ನಾನು ನೋಡ್ಕಂತಿಲ್ವಾ?"

ನೋಡಿಕೊಳ್ಳುತ್ತಾರೆ. ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಅದೇ ಕಷ್ಟ. ಕೆಟ್ಟ ಅತ್ತೆಯಾಗಿದ್ದರೆ ಜಗಳವಾಡಿ ಬ್ಯಾಗು ಎತ್ತಿಕೊಂಡು ನಡೆಯಬಹುದಿತ್ತು. ನಮ್ಮತ್ತೆ ಚಿಕ್ಕಲಕ್ಷ್ಮಮ್ಮನ ಮೇಲೆ ತಪ್ಪು ಹೊರಿಸಲು ಈ ಊರಿನಲ್ಲಿ ಒಬ್ಬರೂ ಸಿಗುವುದಿಲ್ಲ, ನಾನೂ ಸೇರಿ.

ಮಾವ ನಂಜಪ್ಪ ಜಗುಲಿಯಿಂದ, "ಓಗ್ಲಿ ಬುಡೆ, ಉಡುಗ್ರು ಆಸೆ ಪಡ್ತವೆ," ಎಂದರು. ಅವರು ಯಾರಿಗೂ ಇಲ್ಲ ಎಂದವರಲ್ಲ. ಊರಿನ ಅರ್ಧ ಜನಕ್ಕೆ ಹೋಟೆಲಿನಲ್ಲಿ ಟೀ ಕುಡಿಸುವವರು ಅವರೇ.

ಅತ್ತೆ ಕೊನೆಗೆ ಕಾಳಿನ ಮೊರ ಕೆಳಗಿಟ್ಟರು. "ಸುದಿ ದುಡ್ಡು ಇಲ್ದೆ ಮನೆ ನಡೀತದೆ ಅಂತ ನೀನೇ ತೋರ್ಸು. ಒಂದು ತುತ್ತು ಕಮ್ಮಿ ಆಗ್ಬಾರ್ದು, ಒಬ್ರು ಮನೆ ಮುಯ್ಯಿ ತಪ್ಪಬಾರ್ದು. ತೋರ್ಸುದ್ರೆ ಓಗಿ. ನಾನ್ಯಾಕೆ ಅಡ್ಡ ಬರ್ಲಿ."

ಒಪ್ಪಿಕೊಂಡೆ! ಅಷ್ಟು ಸುಲಭವಾಗಿ ಒಪ್ಪಿಸಿದೆ ಎಂದು ಕುಣಿಯಬೇಕೆನಿಸಿತು.

ಫೆಬ್ರುವರಿ 3

ಮನೆಯ ಲೆಕ್ಕ ಬರೆಯಲು ಶುರು. ಅಯ್ಯೋ ದೇವರೇ. ಈ ಮನೆ ಇಷ್ಟು ದಿನ ನಿಂತದ್ದೇ ಆಶ್ಚರ್ಯ.

ಹಸುಗಳ ಬೂಸ-ಹಿಂಡಿ ಅಂಗಡಿಯಲ್ಲಿ ಸಾಲ ಬರೆಸಿ ತರುವುದು, ಡೇರಿಗಿಂತ ಮೂಟೆಗೆ ನೂರಾ ಎಪ್ಪತ್ತು ಹೆಚ್ಚು ಕೊಟ್ಟು. ಹಾಲು ಹಾಕುವುದು ಅದೇ ಡೇರಿಗೆ! ಸೊಸೈಟಿ ಬೆಳೆಸಾಲ ವಾಯಿದೆಗೆ ಕಟ್ಟಿದ್ದರೆ ಬಡ್ಡಿಯೇ ಇಲ್ಲ. ಪ್ರತಿ ವರ್ಷ ಒಂದು ತಿಂಗಳು ತಡ ಮಾಡಿ ಬಡ್ಡಿ ಕಟ್ಟಿದ್ದಾರೆ. ಟಿ.ವಿ. ಕೆಟ್ಟು ಆರು ತಿಂಗಳಾಯಿತು, ಡಿಶ್ಶಿಗೆ ಮಾತ್ರ ರೀಚಾರ್ಜ್ ಆಗುತ್ತಲೇ ಇದೆ.

"ರಿಪೇರಿ ಆದ್ಮ್ಯಾಕೆ ಬೇಕಾಯ್ತದಲ್ಲ ಅತ್ತಿಗೆ," ಎಂದ ಅಭಿಷೇಕ. ನನ್ನ ಕೈಯಲ್ಲಿದ್ದ ಸೌಟು ನೋಡಿ ಹಿತ್ತಲಿಗೆ ಜಾರಿದ.

ಮಾವನ ಹೋಟೆಲ್ ಲೆಕ್ಕ ತಿಂಗಳಿಗೆ ಎರಡು ಸಾವಿರ ದಾಟಿದೆ. ಮದುವೆಗಳಲ್ಲಿ ಕೊಡುವ ಮುಯ್ಯಿ — ಕೇಳಬೇಡಿ. ಹೋದ ವರ್ಷ ಚನ್ನರಾಯಪಟ್ಟಣದ ಒಂದೇ ಮದುವೆಗೆ ಐದು ಸಾವಿರ. ಅದನ್ನು ಖರ್ಚಿನಲ್ಲಿ ಬರೆದೆ. ಮಾವ ನೋಡಿ ಮುಖ ಸಣ್ಣ ಮಾಡಿದರು.

"ಮುಯ್ಯಿ ಖರ್ಚಲ್ಲ ಕಣವ್ವ. ಅದು ನಮ್ಮ ಬ್ಯಾಂಕು. ಅಬಿ ಮದ್ವೇಲಿ ಎಲ್ಲ ವಾಪಸ್ ಬತ್ತದೆ."

"ಬಂದದ್ದನ್ನ ಮತ್ತೆ ಅವರ ಮನೆ ಮದುವೇಲಿ ಕೊಡಬೇಕಲ್ಲ ಮಾವ. ಮೇಲೆ ಒಂದಿಷ್ಟು ಸೇರಿಸಿ."

"ಊ ಮತ್ತೆ. ಬಡ್ಡಿ ಬ್ಯಾಡ್ವಾ ಅವ್ರಿಗೆ?"

ನಕ್ಕೆ. ಅವರೂ ನಕ್ಕರು.

ಫೆಬ್ರುವರಿ 27

ಬೂಸ ಡೇರಿಯಿಂದ. ಅಂಗಡಿ ಸಾಲ ತೀರಿತು. ಡಿಶ್ ಕಟ್. ಸೊಸೈಟಿಗೆ ಯಾವಾಗ ಕಟ್ಟಬೇಕೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು. ಮಾವ ಟೀಯನ್ನು ಮನೆಗೇ ತಂದಿದ್ದಾರೆ, ಎಂದರೆ ಸ್ನೇಹಿತರನ್ನೂ. ಒಲೆಯ ಮುಂದೆ ಅತ್ತೆಗೆ ಕೆಲಸ ಹೆಚ್ಚು, ಆದರೆ ದುಡ್ಡು ಉಳಿಯಿತು.

ಸುದರ್ಶನ್ ಅವರ ಹದಿನೈದು ಸಾವಿರ ಮುಟ್ಟದೆ ಒಂದು ತಿಂಗಳು ಕಳೆಯಿತು. ಯಾರ ತಟ್ಟೆಯಲ್ಲೂ ಕಮ್ಮಿಯಾಗಲಿಲ್ಲ. ಹನಿಹನಿಗೂಡಿದರೆ ಹಳ್ಳ ಎಂದು ಸ್ಕೂಲಿನಲ್ಲಿ ಕಾಪಿ ಬರೆಸುತ್ತಿದ್ದರು. ಆಗ ಬೇಜಾರು. ಈಗ ಖುಷಿ.

ರಂಜಿನಿಗೆ ಹೇಳಿದೆ. "ಸೂಪರ್ ಆಶಕ್ಕ," ಎಂದಳು. ಆಮೇಲೆ, "ಒಂದ್ ಮಾತು. ಅವ್ರ್ ಲೆಕ್ಕಾನ ಅವ್ರ್ ಕೈಲೇ ಬರ್ಸಿ. ನೀವೇ ಬರೀಬ್ಯಾಡಿ," ಎಂದಳು. ಅವಳಿಗೆ ಹೊಟ್ಟೆಕಿಚ್ಚೇ ಎಂದುಕೊಂಡೆ. ಅತ್ತೆಗೆ ಓದು ಬರಹ ಅಷ್ಟಕ್ಕಷ್ಟೆ, ಅವರು ಎಲ್ಲಿಂದ ಬರೆಯುತ್ತಾರೆ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಮಾನಸಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಪಕ್ಕದ ಮನೆಯ ಮಾರಮ್ಮ ಬಂದರು, ಕೈಯಲ್ಲಿ ಸಂಘದ ಪಾಸ್‌ಬುಕ್ಕು. "ನಿಮ್ಮತ್ತೆ ಏಳಿದ್ಲು, ನೀನು ಲೆಕ್ಕದಲ್ಲಿ ಬಲೇ ಚುರುಕಂತೆ. ವಸಿ ನೋಡವ್ವ, ಇನ್ನೆಷ್ಟು ಕಂತು ಐತೆ."

ಅವರ ಹಿಂದೆ ಇನ್ನಿಬ್ಬರು. ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಮುಖದಲ್ಲಿ ಎಂಥ ಹೆಮ್ಮೆ! ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿದ್ದರೂ ಇಷ್ಟು ಹೆಮ್ಮೆ ಪಡುತ್ತಿರಲಿಲ್ಲ.

ಎಲ್ಲ ಮುಗಿಯುವಾಗ ಮಧ್ಯಾಹ್ನ. ಮಾನಸಾ ಅರ್ಧ ಎಣ್ಣೆ ತಲೆಯಲ್ಲೇ ಆಡಲು ಹೋಗಿದ್ದಳು. ನನಗೆ ಇದ್ದದ್ದು ಒಂದು ಭಾನುವಾರ.

ಮಾರ್ಚ್ 30, ಯುಗಾದಿ

ಒಬ್ಬಟ್ಟು ಆದ ಮೇಲೆ ಎಲ್ಲರ ಮುಂದೆ ಹೇಳಿದೆ. ಎರಡು ತಿಂಗಳು ಇವರ ಸಂಬಳದ ಒಂದು ರೂಪಾಯಿ ಇಲ್ಲದೆ ಮನೆ ನಡೆದಿದೆ. ಮೇಲೆ ಆರು ಸಾವಿರ ಉಳಿದಿದೆ. ಮುಯ್ಯಿ ಒಂದೂ ತಪ್ಪಿಲ್ಲ. ಮೇ ತಿಂಗಳಲ್ಲಿ ಹೋಗುತ್ತೇವೆ.

ಅತ್ತೆ ನಾನು ಹಿಡಿದ ಲೆಕ್ಕದ ಕಡೆ ನೋಡಲೇ ಇಲ್ಲ, ನನ್ನ ಮುಖ ನೋಡುತ್ತಿದ್ದರು.

"ಓಗ್ರವ್ವ. ಮಾತು ಕೊಟ್ಟಿವ್ನಿ. ಬ್ಯಾಡ ಅಂತೀನಾ?"

ಕಣ್ಣಲ್ಲಿ ನೀರಿತ್ತು. ನನಗೂ. ಅವರ ಕಾಲಿಗೆ ಬಿದ್ದೆ. ತಲೆಯ ಮೇಲೆ ಕೈಯಿಟ್ಟು, "ನಿನ್ ಕೈಲಿ ಲಕ್ಸ್ಮಿ ಅವ್ಳೆ," ಎಂದರು. ಸುದರ್ಶನ್ ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಿದ್ದರು. ಪುಣ್ಯಾತ್ಮ.

ಪರಮಶಿವಯ್ಯನವರಿಗೆ ಫೋನ್ ಮಾಡಿ ಖಂಡಿತ ಬರುತ್ತೇವೆ ಎಂದೆ. "ಸಂತೋಷ ತಾಯಿ. ಸುಣ್ಣ ಹೊಡೆಸಿ ಇಡ್ತೀನಿ," ಎಂದರು.

ಏಪ್ರಿಲ್ 10

ಸ್ಕೂಲಿಗೆ ರಜ ಆಯಿತು. ಮಾನಸಾ ಎಲ್ಲ ಗೆಳತಿಯರಿಗೂ ಟಾಟಾ ಹೇಳಿ ಬಂದಿದ್ದಾಳೆ. "ಇನ್ ಮೇಲೆ ನಾನ್ ಹಾಸನ," ಎಂದು. ಟಿ.ಸಿ.ಗೆ ಅರ್ಜಿ ಕೊಟ್ಟೆ. ಹೆಡ್‌ಮಿಸ್ಸು ಒಳ್ಳೆಯ ಹುಡುಗಿ ಹೋಗುತ್ತಿದ್ದಾಳೆ ಎಂದರು.

ಅಭಿಷೇಕನಿಗೆ ಹೆಣ್ಣು ಒಪ್ಪಿತು. ಅರಕಲಗೂಡು ಕಡೆಯವರು, ದೀಪಶ್ರೀ ಎಂದು. ಬಿ.ಕಾಂ. ಓದಿದ್ದಾಳೆ. ಬಿ.ಕಾಂ! ನನ್ನ ಜಾಗಕ್ಕೆ ಸರಿಯಾದವಳೇ ಬರುತ್ತಿದ್ದಾಳೆ ಎಂದು ಒಳಗೊಳಗೇ ಹಿಗ್ಗಿದೆ. ಮದುವೆ ಮೇ ಇಪ್ಪತ್ತೆರಡು-ಇಪ್ಪತ್ತಮೂರಕ್ಕೆ. ನಾವು ಹಾಸನದಿಂದಲೇ ಬಂದು ಓಡಾಡಬಹುದು.

ಏಪ್ರಿಲ್ 20, ಭಾನುವಾರ

ಲಗ್ನ ಕಟ್ಟಿಸುವ ಶಾಸ್ತ್ರ. ಅರಕಲಗೂಡಿನವರು ಎರಡು ವ್ಯಾನಿನಲ್ಲಿ ಬಂದಿದ್ದರು. ನಡುಮನೆ ತುಂಬಾ ಜನ. ಹುಡುಗಿಯ ದೊಡ್ಡಪ್ಪ, ಬಿಳಿ ಮೀಸೆಯವರು, ತಾಂಬೂಲ ಮುಗಿದ ಮೇಲೆ ಕೇಳಿದರು.

"ನಿಮ್ಮನೇಲಿ ಯಜಮಾನ್ಕೆ ಯಾರ್ದು ನಂಜಪ್ನೋರೇ? ನಾಳಿಕೆ ನಮ್ಮುಡ್ಗಿ ಏನಾರ ಬೇಕು ಅಂದ್ರೆ ಯಾರ್ನ ಕೇಳ್ಬೇಕು?"

ಎಲ್ಲರೂ ಕೇಳುವ ಮಾತು. ಮಾವ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದರು. ಸೊಂಟದಿಂದ ಬೀರುವಿನ ಬೀಗದ ಕೈಗೊಂಚಲು ಬಿಚ್ಚಿದರು. ಅಡುಗೆಮನೆ ಬಾಗಿಲಲ್ಲಿ ಪಾಯಸದ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ ನಾನು. ನನ್ನ ಸೆರಗಿನ ತುದಿಯನ್ನು ತಾವೇ ಎಳೆದು ಗಂಟು ಹಾಕಿದರು.

"ಇವ್ಳು ನಮ್ಮ ದೊಡ್ಡ ಸೊಸೆ, ಆಶಾರಾಣಿ. ನಲ್ವತ್ತು ವರ್ಸ ನಾನು ಮಾಡಕ್ಕಾಗ್ದಿದ್ನ ಎರಡೇ ತಿಂಗ್ಳಲ್ಲಿ ಮಾಡವ್ಳೆ. ಇನ್ಮ್ಯಾಕೆ ಈ ಮನೆ ಇವ್ಳ್ದೇ. ನಾನೂ ಇವ್ಳ ಕೇಳೇ ತಗಳಾದು."

ಹುಡುಗಿಯ ಕಡೆಯ ಹೆಂಗಸರು "ಎಂಥ ಅತ್ತೆ ಕಣಪ್ಪ" ಎಂದು ಕಣ್ಣೊರೆಸಿಕೊಂಡರು. ದೀಪಶ್ರೀ ಬಂದು ನನ್ನ ಕಾಲು ಮುಟ್ಟಿದಳು. "ಅಕ್ಕ, ನಂಗೆ ಲೆಕ್ಕ ಅಂದ್ರೆ ಆಗಲ್ಲ. ಬಿ.ಕಾಂ. ಹೆಂಗೋ ಪಾಸಾಗಿದ್ದು. ನೀವಿದ್ದೀರಲ್ಲ, ಬಿಡಿ," ಎಂದು ಕಿವಿಯಲ್ಲಿ ನಕ್ಕಳು.

ನಾನು ಹೇಳಬೇಕಿತ್ತು. ಅಲ್ಲಿಯೇ. ಅತ್ತೆ, ನಾವು ಮುಂದಿನ ತಿಂಗಳು ಹಾಸನಕ್ಕೆ ಹೋಗುತ್ತೇವೆ, ನೀವೇ ಒಪ್ಪಿದ್ದೀರಿ, ಎಂದು. ನೂರು ಜನರ ಮುಂದೆ. ಕೈಯಲ್ಲಿ ಹನ್ನೆರಡು ಲೋಟ ಪಾಯಸ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಮೆಚ್ಚಿಕೊಂಡು. ಮೆಚ್ಚಿಕೊಂಡ ಮುಖಗಳ ಮುಂದೆ ಬಾಯಿ ಬರುವುದಿಲ್ಲ ಎಂದು ಇವತ್ತು ಗೊತ್ತಾಯಿತು.

ಪಾಯಸ ಹಂಚಿದೆ.

ಏಪ್ರಿಲ್ 21

ರಂಜಿನಿಗೆ ಹೇಳಿದೆ.

"ನೀವು ಇಲ್ದೆ ಮನೆ ನಡೀತದೆ ಅಂತ ತೋರ್ಸಕ್ಕೆ ಓದ್ರಿ. ನೀವಿದ್ರೇನೇ ನಡ್ಯಾದು ಅಂತ ತೋರ್ಸ್ಬುಟ್ರಿ ಆಶಕ್ಕ."

ಸಿಟ್ಟು ಬಂತು. ಅವಳ ಮೇಲಲ್ಲ.

ಮೇ 6, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಸಮಯವಿರಲಿಲ್ಲ ಎಂದರೆ ಸುಳ್ಳು. ಬಸ್ಸಿನಲ್ಲಿ ಮದುವೆಯ ಲೆಕ್ಕವನ್ನೇ ಬರೆಯುತ್ತಿದ್ದೆ. ಛತ್ರ, ಅಡುಗೆಯವರು, ಶಾಮಿಯಾನ, ಜವಳಿ, ಹುಡುಗಿಗೆ ತಾಳಿ ಸರ. ಬೆಳಿಗ್ಗೆ ಎದ್ದರೆ, "ಆಶಾ, ಇದಕ್ಕೆಷ್ಟು ಕೊಡಾದು?" ಹಿಂದೆ ಅತ್ತೆಯ ಕೈ ಕಾಯುತ್ತಿದ್ದವರೆಲ್ಲ ಈಗ ನನ್ನ ಕೈ ಕಾಯುತ್ತಾರೆ. ಮಾವ ಮೊನ್ನೆ ಹೋಟೆಲಿಗೆ ಹೋಗಲು ನನ್ನನ್ನು ಐವತ್ತು ರೂಪಾಯಿ ಕೇಳಿದರು. ಎಪ್ಪತ್ತರ ಮನುಷ್ಯ. ಕೊಟ್ಟು, ಅದನ್ನೂ ಲೆಕ್ಕಕ್ಕೆ ಬರೆದೆ.

ನಿನ್ನೆ ಸಂಜೆ ಎಲ್ಲರೂ ಕೂತೆವು. ಎಷ್ಟೇ ಹಿಡಿದರೂ ಒಂದೂವರೆ ಲಕ್ಷ ಕಡಿಮೆ. ಮುಯ್ಯಿ ಬರುತ್ತದೆ, ನಿಜ. ಆದರೆ ಬರುವುದು ಮದುವೆಯ ದಿನ. ತಾಳಿ ಸರಕ್ಕೂ ಛತ್ರಕ್ಕೂ ಈಗಲೇ ಕೊಡಬೇಕು.

"ದೇವರಾಜ್ ತಾವು ತರವಾ ಬುಡು," ಎಂದರು ಮಾವ. ದೇವರಾಜ್ ಎಂದರೆ ಊರಿನಲ್ಲಿ ಕೈಸಾಲ ಕೊಡುವವನು. "ಮೂರು ರೂಪಾಯಿ ಬಡ್ಡಿ. ಮುಯ್ಯಿ ಬರ್ತಿದ್ದಂಗೆ ಬಿಸಾಕವಾ."

ಮುಯ್ಯಿ ಎಷ್ಟು ಬರುತ್ತದೆಂದು ನಾನು ಲೆಕ್ಕ ಹಾಕಿದ್ದೆ. ಅಡುಗೆಯವರ ಬಾಕಿ, ಬೀಗರೂಟ, ಅದೆಲ್ಲ ಕಳೆದರೆ ಉಳಿಯುವುದು ಅರ್ಧವೂ ಅಲ್ಲ. ಆ ಸಾಲ ವರ್ಷ ದಾಟುತ್ತದೆ. ನೂರಕ್ಕೆ ಮೂರರಂತೆ ತಿಂಗಳಿಗೆ ನಾಲ್ಕೂವರೆ ಸಾವಿರ ಬರೀ ಬಡ್ಡಿ. ಎರಡು ತಿಂಗಳು ಬೂಸದಲ್ಲಿ, ಟೀಯಲ್ಲಿ ಉಳಿಸಿದ್ದೆಲ್ಲ ಅವನ ಬಾಯಿಗೆ. ಮೈಯೆಲ್ಲ ಉರಿಯಿತು. ಕೈಯಲ್ಲಿ ದುಡ್ಡಿಟ್ಟುಕೊಂಡು ಬಡ್ಡಿಗೆ ತರುವವರು ಮೂರ್ಖರು ಎಂದು ರಂಜಿನಿ ಹೇಳಿಕೊಟ್ಟ ಇನ್ನೊಂದು ಪಾಠ.

"ಬಡ್ಡಿಗೆ ಬೇಡ ಮಾವ. ನನ್ನ ಎಫ್.ಡಿ. ಇದೆ. ಮುರಿಸ್ತೀನಿ."

ಯಾರೂ ಕೊಡು ಎಂದು ಕೇಳಲಿಲ್ಲ. ಒಬ್ಬರೂ ಕೇಳಲಿಲ್ಲ. ಹೇಳಿದವಳು ನಾನು. ಬಾಯಿಂದ ಬಿದ್ದ ಮೇಲೆ ನನ್ನದೇ ಧ್ವನಿ ಕೇಳಿಸಿತು. ಅತ್ತೆಯದೇ ಮಾತಿನ ಧಾಟಿ.

ಅತ್ತೆ ಬೇಡವೇ ಬೇಡ ಎಂದರು. "ಅದು ನಿನ್ ತವ್ರ ದುಡ್ಡು. ಆಸನದ ಮನೆಗೆ ಮಡಗಿದ್ದು." ನಿಜವಾಗಿ ಬೇಡ ಎಂದರು, ಬಾಯಿಮಾತಿಗಲ್ಲ. ಆಗಲಾದರೂ ಹಿಂದೆ ತೆಗೆದುಕೊಳ್ಳಬಹುದಿತ್ತು. "ಇರಲಿ ಬಿಡಿ ಅತ್ತೆ," ಎಂದೆ. ಮನೆಯ ಲೆಕ್ಕ ನನ್ನ ಕೈಯಲ್ಲಿದೆ. ಅದು ಕೆಡುವುದನ್ನು ನನ್ನಿಂದ ನೋಡಲಾಗಲಿಲ್ಲ. ಥೂ ನನ್ನ ಬುದ್ಧಿಗೆ.

ಮಲಗುವಾಗ ಸುದರ್ಶನ್, "ಒಳ್ಳೇದೇ ಮಾಡ್ದೆ. ಆಸನದ ಮನೆ ಮುಂದಿನ್ ವರ್ಸ ನೋಡವಾ," ಎಂದರು.

ಆ ಕಡೆ ತಿರುಗಿ ಮಲಗಿದೆ.

ಮೇ 8

ಎಫ್.ಡಿ. ಮುರಿಸಿದೆ. ಬ್ಯಾಂಕಿನ ಹುಡುಗ, "ಮೇಡಂ, ಇನ್ನು ನಾಲ್ಕು ತಿಂಗ್ಳು ಬಿಟ್ಟಿದ್ರೆ ಪೂರ್ತಿ ಬಡ್ಡಿ ಬರ್ತಿತ್ತು," ಎಂದ. ಗೊತ್ತು ಎಂದೆ.

ಮದುವೆಗೆಂದು ನಾಳೆಯಿಂದ ರಜ ಹಾಕಿದ್ದೇನೆ. ರಂಜಿನಿ ಬಸ್ಸಿನಲ್ಲಿ, "ಇನ್ನೂ ಎರಡ್ ದಿನ ಐತೆ ಆಶಕ್ಕ. ದುಡ್ಡು ನಿಮ್ ಬ್ಯಾಗಲ್ಲೇ ಐತೆ, ಮಿಕ್ಕಿದ್ದು ನಿಮ್ ಯಜಮಾನ್ರ ಖಾತೇಲಿ ಐತೆ. ಸೀದಾ ಪರಮಶಿವಯ್ನೋರ ಮನೆಗೆ ಓಗಿ ಕೊಟ್ಬುಡಿ. ಮದ್ವೆ ಯಾವ್ದೂ ದುಡ್ಡಿಲ್ದೆ ನಿಂತಿಲ್ಲ," ಎಂದಳು. ನಿಜ. ಮದುವೆ ನಿಲ್ಲುವುದಿಲ್ಲ. ನಾನು ಹೋದರೆ ಯಾರೂ ಅಡ್ಡ ಬರುವುದಿಲ್ಲ. ಅತ್ತೆ ಅಳುತ್ತಾರೆ, ಆಮೇಲೆ ನನಗೆ ದಾರಿಗೆ ರೊಟ್ಟಿ ಕಟ್ಟಿಕೊಡುತ್ತಾರೆ. ಬಾಗಿಲು ತೆರೆದೇ ಇದೆ. ಅದಕ್ಕೇ ಉಸಿರು ಕಟ್ಟುತ್ತದೆ.

ಹಳ್ಳಿಮೈಸೂರಿನಲ್ಲಿ ಇಳಿದೆ. ಎಂದಿನ ಹಾಗೆ.

ಮೇ 9

ಪರಮಶಿವಯ್ಯನವರ ಫೋನ್. ಬೇರೆಯವರು ಕೇಳಿಕೊಂಡು ಬಂದಿದ್ದಾರಂತೆ, ದುಡ್ಡು ರೆಡಿ ಇಟ್ಟುಕೊಂಡು. "ನಿಮಗೆ ಮಾತು ಕೊಟ್ಟಿದ್ದೀನಿ ತಾಯಿ. ನಾಳೆ ಹನ್ನೊಂದು ಗಂಟೆಗೆ ಫೋನ್ ಮಾಡ್ತೀನಿ. ಆಗ ಒಂದು ಮಾತು ಹೇಳಿಬಿಡಿ. ಸುಣ್ಣ ಹೊಡೆಸಿದ್ದೀನಿ. ನಿಮ್ಮ ಮಗಳು ಟೈಂಟೇಬಲ್ ಅಂಟಿಸ್ತೀನಿ ಅಂದ ಗೋಡೆಗೆ ಹಳದಿ ಬಣ್ಣ."

ಹೇಳುತ್ತೇನೆ ಸರ್ ಎಂದೆ.

ಮೇ 10, ಬೆಳಿಗ್ಗೆ 10.45

ರೂಮಿನ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಮಂಚದ ಮೇಲೆ ದುಡ್ಡು, ಮೂರು ಕಟ್ಟು. ಹೊರಗೆ ಶಾಮಿಯಾನದವನು ಅಡ್ವಾನ್ಸಿಗೆ ಬಂದು ಕೂತಿದ್ದಾನೆ. ಅಕ್ಕಸಾಲಿಯ ಮನೆಗೆ ಹೋಗಲು ಅಭಿಷೇಕ ಬೈಕ್ ತೊಳೆದು ನಿಲ್ಲಿಸಿದ್ದಾನೆ.

ಮಾನಸಾ ಬಂದು ಹೋದಳು. "ಅಮ್ಮ, ನನ್ ಟಿ.ಸಿ. ಬಂತಾ?" ಬರುತ್ತೆ ಎಂದೆ. "ಅಜ್ಜಿ ಅಂತಾಳೆ, ನೀನೇ ಈಗ ಯಜಮಾನ್ತಿ ಅಂತೆ. ಹಂಗಾದ್ರೆ ನೀನ್ ಹೇಳಿದ್ದೇ ಆಗೋದು, ಅಲ್ವಾ?" ಹೌದು ಎಂದೆ. ಕುಣಿದುಕೊಂಡು ಹೋದಳು. ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಾಳೆ ಆ ರೂಮಿನಲ್ಲಿ. ಬೇಡ ಎನ್ನಲಿಲ್ಲ ನಾನು.

ನಿನ್ನೆಯಿಂದ ಒಂದೇ ಮಾತು ಜೋಡಿಸುತ್ತಿದ್ದೇನೆ. ಸರ್, ನಮ್ಮ ಮನೆಯಲ್ಲಿ ನನ್ನನ್ನು ಕೇಳದೆ ಯಾರೂ ಒಂದು ರೂಪಾಯಿ ಮುಟ್ಟುವುದಿಲ್ಲ, ಅದಕ್ಕೇ ನನಗೆ ಬರಲಾಗುವುದಿಲ್ಲ. ಯಾರಿಗೆ ಅರ್ಥವಾಗುತ್ತದೆ ಇದು? ನನಗೇ ಆಗುತ್ತಿಲ್ಲ. ಕೈಯಲ್ಲಿ ದುಡ್ಡಿದೆ. ಬಸ್ಸು ಫ್ರೀ. ಯಾರೂ ಹಿಡಿದುಕೊಂಡಿಲ್ಲ. ಎದ್ದು ಚೀಲ ಹಿಡಿದರೆ ಆಯಿತು, ಮಗಳನ್ನು ಕರೆದರೆ ಆಯಿತು. ಕಾಲು ಮಾತ್ರ

ಅತ್ತೆ ಕರೆಯುತ್ತಿದ್ದಾರೆ. "ಆಶಾ... ಶಾಮ್ಯಾನ್ದೋನು ಕಾಯ್ತಾ ಅವ್ನೆ. ನೀನ್ ಏಳ್ದಷ್ಟೇ ಕೊಡಾದು ಕಣವ್ವ, ಬಂದು ಏಳು."

ಫೋನ್ ರಿಂಗ್ ಆಗುತ್ತಿದೆ. ಪರಮಶಿವಯ್ಯ. ಇನ್ನೂ ಹನ್ನೊಂದು ಆಗಿಲ್ಲವಲ್ಲ.

ಬಂದೆ ಅತ್ತೆ. ಎರಡೇ ನಿಮಿಷ. ಮೇಷ್ಟ್ರಿಗೊಂದು ಮಾತು ಹೇಳಿ